ಇನ್ಸುಲಿನ್ ಇರುವ ಜಾಗವನ್ನು ಸತು ತೋರಿಸುವುದು ಹೇಗೆ?

ನಮ್ಮ ದೇಹದಲ್ಲಿ 2ರಿಂದ 3 ಗ್ರಾಂ ಸತು, ಅಂದರೆ ಜಿಂಕ್ ಇದೆ. ಅದಕ್ಕೆ ಸ್ವಂತ ಬಣ್ಣವಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ನಮಗೆ ಕಾಣದು. ಡೈಥಿಜೋನ್ ಎಂಬ ರಾಸಾಯನಿಕ ಹಾಕಿದರೆ ಅದು ಸತುವಿನೊಂದಿಗೆ ಸೇರಿ ಕೆಂಪಾಗುತ್ತದೆ.

ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶಗಳು ಇನ್ಸುಲಿನ್ ಅನ್ನು ಸತುವಿನ ಜೊತೆಗೇ ಕೂಡಿಡುತ್ತವೆ. ಹಾಗಾಗಿ ಈ ಜೀವಕೋಶಗಳ ಗುಂಪುಗಳು ಕೆಂಪಗೆ ಎದ್ದು ಕಾಣುತ್ತವೆ. ಸುತ್ತಲಿನ ಅಂಗಾಂಶ ಬಣ್ಣ ಹಿಡಿಯುವುದಿಲ್ಲ. ಟೈಪ್ 1 ಮಧುಮೇಹಿಗಳಿಗೆ ದಾನಿಯಿಂದ ಪಡೆದ ಗುಂಪುಗಳನ್ನು ಕಸಿ ಮಾಡುವ ಮುನ್ನ ಎಣಿಸಲು ಇದೇ ಬಣ್ಣ ನೆರವಾಗುತ್ತದೆ.

ಆದರೆ ಬಣ್ಣ ಬರಲಿಲ್ಲವೆಂದರೆ ಸತುವೇ ಇಲ್ಲ ಎಂದು ನಾವು ತಿಳಿಯಬಾರದು. ಕಿಣ್ವಗಳೊಳಗೆ ಬಿಗಿಯಾಗಿ ಕೂತ ಸತು ಡೈಥಿಜೋನ್‌ಗೆ ಸುಲಭವಾಗಿ ಸಿಗದು. ಕೆಂಪಾದ ಮಾತ್ರಕ್ಕೆ ಜೀವಕೋಶ ಬದುಕಿದೆ ಎಂದೂ ಅಲ್ಲ. ಅದನ್ನು ತಿಳಿಯಲು ಬೇರೆ ಪರೀಕ್ಷೆಯೇ ಬೇಕು.