ಇಳಿವಯಸ್ಸಿನ ರೈತ ಮಹಿಳೆಯರಲ್ಲಿ ಸ್ನಾಯುಬಲದ ರಕ್ಷಣೆ

ಬೇಸಾಯದಲ್ಲಿ ನಾಟಿ, ಕಳೆ ತೆಗೆಯುವುದು, ಕೊಯ್ಲು, ಕಾಳು ಹಸನು ಮಾಡುವುದು, ದನಕರುಗಳ ಪಾಲನೆ ಮುಂತಾದ ಕೆಲಸಗಳ ಬಹುಭಾಗ ಮಹಿಳೆಯರ ಕೈಯಿಂದಲೇ ನಡೆಯುತ್ತದೆ. ಅರವತ್ತು ದಾಟಿದ ಮೇಲೂ ಅನೇಕ ಮಹಿಳೆಯರು ಈ ದುಡಿಮೆಯನ್ನು ಬಿಡುವುದಿಲ್ಲ. ಇಂತಹ ಒಬ್ಬ ಹಿರಿಯಳು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಆಕೆಯ ದುಡಿಮೆ ನಿಲ್ಲುವುದಲ್ಲದೆ, ಆರೈಕೆಗೆಂದು ಮನೆಯ ಮತ್ತೊಬ್ಬರ ದುಡಿಮೆಯೂ ನಿಲ್ಲುತ್ತದೆ. ಹೀಗೆ ಬೀಳುವುದಕ್ಕೆ ಕಾಲಿನ ಸ್ನಾಯುಗಳು ಬಲಗುಂದಿರುವುದು ಒಂದು ಮುಖ್ಯ ಕಾರಣ. “ವಯಸ್ಸಾಯಿತು, ಇನ್ನು ಹೀಗೆಯೇ” ಎಂದು ಸುಮ್ಮನಾಗುವುದು ವಾಡಿಕೆ. ಆದರೆ ಸ್ನಾಯುಬಲವನ್ನು ಮುಪ್ಪಿನಲ್ಲಿಯೂ ಉಳಿಸಿಕೊಳ್ಳಬಹುದು, ಕಳೆದುಕೊಂಡ ಬಲವನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದು ಎಂಬುದು ಸಂಶೋಧನೆಗಳಿಂದ ದೃಢಪಟ್ಟಿದೆ.

ಸ್ನಾಯುಗಳು ಕ್ಷೀಣಿಸಲು ಕಾರಣಗಳು

ನಡುವಯಸ್ಸಿನಿಂದಲೇ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ. ಐವತ್ತು ದಾಟಿದ ಮೇಲೆ ಸ್ನಾಯುವಿನ ತೂಕ ವರ್ಷಕ್ಕೆ ಸುಮಾರು ಶೇ. 1ರಂತೆ ಕಡಿಮೆಯಾಗುತ್ತದೆ, ಬಲವು ಅದಕ್ಕಿಂತಲೂ ಬೇಗ ಇಳಿಯುತ್ತದೆ. ಈ ಸ್ಥಿತಿಗೆ 1989ರಲ್ಲಿ ಅಮೆರಿಕದ ವಿಜ್ಞಾನಿ ಅರ್ವಿನ್ ರೋಸೆನ್‌ಬರ್ಗ್ ‘ಸಾರ್ಕೋಪೀನಿಯ’ ಎಂಬ ಹೆಸರನ್ನು ಸೂಚಿಸಿದರು. ಗ್ರೀಕ್ ಮೂಲದ ಈ ಪದಕ್ಕೆ ‘ಮಾಂಸದ ಕೊರತೆ’ ಎಂದರ್ಥ.

ಮಹಿಳೆಯರಲ್ಲಿ ಈ ತೊಂದರೆ ಹೆಚ್ಚಾಗಿ ಬಾಧಿಸಲು ಕೆಲವು ಕಾರಣಗಳಿವೆ. ಮೊದಲನೆಯದಾಗಿ, ಪುರುಷರಿಗಿಂತ ಅವರಲ್ಲಿ ಸ್ನಾಯುವಿನ ಪ್ರಮಾಣ ಮೊದಲಿನಿಂದಲೂ ಕಡಿಮೆ. ಎರಡನೆಯದಾಗಿ, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಚೋದಕ ತಗ್ಗುವುದರಿಂದ ಮೂಳೆ ಮತ್ತು ಸ್ನಾಯು ಎರಡೂ ಸೊರಗುತ್ತವೆ. ಮೂರನೆಯದಾಗಿ, ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಊಟಕ್ಕೆ ಕೂರುವ ಮಹಿಳೆಯ ಪಾಲಿಗೆ ಮುದ್ದೆಯೋ ಅನ್ನವೋ ಉಳಿದಿರುತ್ತದೆ. ಬೇಳೆ, ಕಾಳು, ಮೊಸರು ಅಷ್ಟರಲ್ಲಿ ಖಾಲಿಯಾಗಿರುತ್ತವೆ.

ಇವುಗಳ ಜೊತೆಗೆ ಕಾಯಿಲೆ ಬಿದ್ದಾಗಿನ ಮಲಗುವಿಕೆಯೂ ಸೇರುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ವೃದ್ಧರನ್ನು 10 ದಿನ ಹಾಸಿಗೆಯಲ್ಲಿಯೇ ಇರಿಸಿದಾಗ, ಅವರ ಕಾಲುಗಳಲ್ಲಿ ಹೆಚ್ಚುಕಡಿಮೆ 1 ಕಿಲೋಗ್ರಾಂನಷ್ಟು ಕೊಬ್ಬುರಹಿತ ಅಂಗಾಂಶ ನಷ್ಟವಾಯಿತು. ಆದುದರಿಂದ ಜ್ವರ ಬಿಟ್ಟ ಕೂಡಲೇ ಹಿರಿಯರನ್ನು ಎಬ್ಬಿಸಿ ನಡೆದಾಡಿಸುವುದು ಅವಶ್ಯ.

ಹೊಲದ ಕೆಲಸವೇ ಸಾಲದೆ?

ದಿನವಿಡೀ ದುಡಿಯುವವರಿಗೆ ಬೇರೆ ವ್ಯಾಯಾಮ ಏಕೆ ಎಂಬ ಪ್ರಶ್ನೆ ಸಹಜ. ಹೊಲದ ದುಡಿಮೆ ಶರೀರಕ್ಕೆ ಒಳ್ಳೆಯದೇ. ಅದರಿಂದ ಹೃದಯ, ಶ್ವಾಸಕೋಶಗಳು ಚುರುಕಾಗಿರುತ್ತವೆ. ಆದರೆ ಕಳೆ ಕೀಳುವಾಗ, ನಾಟಿ ಹಾಕುವಾಗ ಗಂಟೆಗಟ್ಟಲೆ ಬಗ್ಗಿರುವುದರಿಂದ ಸೊಂಟಕ್ಕೆ ದಣಿವಾಗುತ್ತದೆಯೇ ಹೊರತು ತೊಡೆಯ ಸ್ನಾಯುಗಳಿಗೆ ಸಾಕಷ್ಟು ಹೊರೆ ಬೀಳುವುದಿಲ್ಲ. ತಾನು ಸುಲಭವಾಗಿ ಮಾಡಬಲ್ಲ ಕೆಲಸವನ್ನು ಎಷ್ಟು ಸಲ ಮಾಡಿದರೂ ಸ್ನಾಯುವಿನ ಬಲ ಹೆಚ್ಚುವುದು ಸ್ವಲ್ಪವೇ. ಬಲ ಬೆಳೆಯಬೇಕಾದರೆ ಹೊರೆಯನ್ನು ಕ್ರಮಕ್ರಮವಾಗಿ ಏರಿಸುತ್ತಾ ಹೋಗಬೇಕು. ಅಲ್ಲದೆ ಒನಕೆ, ಬೀಸುಕಲ್ಲುಗಳ ಕೆಲಸವನ್ನು ಈಗ ಗಿರಣಿ ಮತ್ತು ಮಿಕ್ಸಿಗಳು ಮಾಡುತ್ತಿವೆ. ಸೊಸೆಯಂದಿರು ಕೆಲಸ ವಹಿಸಿಕೊಂಡ ಮೇಲೆ ಹಿರಿಯಳು ಜಗಲಿಯ ಮೇಲೆ ಕುಳಿತುಬಿಡುವುದೂ ಉಂಟು. ಬಲ ಅತಿ ಬೇಗ ಕುಂದುವುದು ಆಗಲೇ.

ಸಂಶೋಧನೆಗಳಿಂದ ತಿಳಿದುಬಂದುದು

1990ರಲ್ಲಿ ಬಾಸ್ಟನ್ ನಗರದಲ್ಲಿ ಸುಮಾರು 90 ವರ್ಷ ವಯಸ್ಸಿನ 10 ಮಂದಿ ದುರ್ಬಲ ವೃದ್ಧರಿಗೆ 8 ವಾರ ಕಾಲ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಲಾಯಿತು. ಪೂರ್ಣಗೊಳಿಸಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. 1994ರಲ್ಲಿ ಅದೇ ತಂಡದವರು ವೃದ್ಧಾಶ್ರಮದ 100 ಮಂದಿಯ ಮೇಲೆ ಪ್ರಯೋಗ ನಡೆಸಿ, ವ್ಯಾಯಾಮದಿಂದ ಬಲ ಮತ್ತು ನಡಿಗೆಯ ವೇಗ ಹೆಚ್ಚುವುದೆಂದೂ, ವ್ಯಾಯಾಮವಿಲ್ಲದೆ ಕೇವಲ ಪೂರಕ ಆಹಾರ ಕೊಟ್ಟರೆ ಬಲ ಹೆಚ್ಚುವುದಿಲ್ಲವೆಂದೂ ಕಂಡುಕೊಂಡರು. ಅದೇ ವರ್ಷ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ 50ರಿಂದ 70 ವರ್ಷದ, ಮುಟ್ಟು ನಿಂತ ಮಹಿಳೆಯರು ವಾರಕ್ಕೆ ಎರಡು ದಿನದಂತೆ ಒಂದು ವರ್ಷ ಭಾರದ ವ್ಯಾಯಾಮ ಮಾಡಿದರು. ಅವರ ಸ್ನಾಯುಬಲ ಹೆಚ್ಚಿತಲ್ಲದೆ ಮೂಳೆಯ ಸಾಂದ್ರತೆಯೂ ಉಳಿಯಿತು.

ರೈತರಿಗೆ ಇದು ಹೊಸ ಮಾತಲ್ಲ. ತೇವವಿಲ್ಲದ ಹೊಲಕ್ಕೆ ಗೊಬ್ಬರ ಹಾಕಿದರೆ ಬೆಳೆ ಏಳುವುದಿಲ್ಲ. ಗೊಬ್ಬರವಿಲ್ಲದೆ ನೀರು ಮಾತ್ರ ಹಾಯಿಸಿದರೂ ಇಳುವರಿ ಬಾರದು. ಶರೀರಕ್ಕೂ ವ್ಯಾಯಾಮ ಮತ್ತು ಆಹಾರ ಎರಡೂ ಜೊತೆಯಾಗಿ ಬೇಕು.

ಮನೆಯಲ್ಲಿಯೇ ಬಲ ಪರೀಕ್ಷಿಸುವ ಕ್ರಮ

ಸುಮಾರು ಒಂದೂವರೆ ಅಡಿ ಎತ್ತರದ, ಅಲುಗಾಡದ ಕುರ್ಚಿಯನ್ನು ಗೋಡೆಗೆ ಒರಗಿಸಿಡಬೇಕು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುಗಳ ಶಕ್ತಿ ಕುಂದಿದೆಯೆಂದು ತಿಳಿಯಬೇಕು. ಅದೇ ರೀತಿ 6 ಮೀಟರ್, ಅಂದರೆ ಸುಮಾರು 20 ಅಡಿ ದೂರವನ್ನು ಎಂದಿನ ನಡಿಗೆಯಲ್ಲಿ ದಾಟಲು 6 ಸೆಕೆಂಡಿಗಿಂತ ಹೆಚ್ಚು ಬೇಕಾದರೂ ಎಚ್ಚರ ವಹಿಸಬೇಕು. ಈ ಮಟ್ಟಗಳನ್ನು ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಗೊತ್ತುಪಡಿಸಿದೆ.

ಮಾಡಬೇಕಾದ ವ್ಯಾಯಾಮಗಳು

65 ವರ್ಷ ಮೇಲ್ಪಟ್ಟವರು ವಾರಕ್ಕೆ ಕನಿಷ್ಠ 2 ದಿನ ಬಲವರ್ಧಕ ವ್ಯಾಯಾಮವನ್ನೂ, ಕನಿಷ್ಠ 3 ದಿನ ಸಮತೋಲನಕ್ಕೆ ಒತ್ತು ಕೊಡುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿದೆ. ಕೆಳಗಿನವುಗಳಿಗೆ ಯಾವ ಖರ್ಚೂ ಇಲ್ಲ.

1. ಎದ್ದು ಕೂರುವುದು: ಕುರ್ಚಿಯಿಂದ 8ರಿಂದ 10 ಸಲ ನಿಧಾನವಾಗಿ ಎದ್ದು ಕೂರಬೇಕು. ಮೊದಲು ಕೈ ಊರಿಕೊಂಡು ಎದ್ದರೂ ಅಡ್ಡಿಯಿಲ್ಲ. ರೂಢಿಯಾದ ಮೇಲೆ ಕೈಬಿಟ್ಟು ಏಳಬೇಕು. ಅದೂ ಸುಲಭವಾದರೆ ಮರಳಿನ ಚೀಲವನ್ನು ಎದೆಗೆ ಅಪ್ಪಿಕೊಂಡು ಏಳಬೇಕು.

2. ಕಾಲು ಚಾಚುವುದು: ಕುರ್ಚಿಯಲ್ಲಿ ಕುಳಿತು ಪಾದದ ಮೇಲ್ಗಡೆ ಅರ್ಧ ಕಿಲೋ ಮರಳು ತುಂಬಿದ ಬಟ್ಟೆಯ ಚೀಲ ಕಟ್ಟಿಕೊಂಡು, ಮೊಣಕಾಲು ನೇರವಾಗುವವರೆಗೆ ಎತ್ತಿ ಇಳಿಸಬೇಕು. ಪ್ರತಿ ಕಾಲಿಗೆ 10 ಸಲ.

3. ಹಿಮ್ಮಡಿ ಎತ್ತುವುದು: ಗೋಡೆ ಅಥವಾ ಕಂಬ ಹಿಡಿದು ನಿಂತು, ತುದಿಗಾಲ ಮೇಲೆ ಎದ್ದು ಇಳಿಯಬೇಕು. 10 ಸಲ.

4. ಗೋಡೆ ತಳ್ಳುವುದು: ಗೋಡೆಯಿಂದ ಒಂದು ಮೊಳ ದೂರ ನಿಂತು, ಅಂಗೈಗಳನ್ನು ಊರಿ, ಎದೆಯನ್ನು ಗೋಡೆಯ ಹತ್ತಿರಕ್ಕೆ ತಂದು ಮತ್ತೆ ಹಿಂದಕ್ಕೆ ತಳ್ಳಬೇಕು. 10 ಸಲ.

5. ಒಂಟಿಕಾಲಿನ ನಿಲುವು: ಕಂಬದ ಪಕ್ಕದಲ್ಲಿ ನಿಂತು, ಪ್ರತಿ ಕಾಲಿನ ಮೇಲೆ 10 ಸೆಕೆಂಡು ನಿಲ್ಲಬೇಕು. ಇದು ಬೀಳದಂತೆ ಕಾಪಾಡುವ ಅಭ್ಯಾಸ.

ಒಂದು ಸುತ್ತು ಮುಗಿದ ಮೇಲೆ ಎರಡು ನಿಮಿಷ ವಿಶ್ರಾಂತಿ ಪಡೆದು ಮತ್ತೊಂದು ಸುತ್ತು ಮಾಡುವುದು ಒಳ್ಳೆಯದು. ಕೊನೆಯ ಎರಡು ಮೂರು ಸಲ ಕಷ್ಟವೆನಿಸಿದರೆ ಹೊರೆ ಸರಿಯಾಗಿದೆ ಎಂದರ್ಥ. ಹೆಚ್ಚು ಶ್ರಮವಿಲ್ಲದೆ 12 ಸಲ ಮಾಡಲು ಬಂದಾಗ ಚೀಲದ ತೂಕವನ್ನು ಕಾಲು ಕಿಲೋದಂತೆ ಏರಿಸಬೇಕು. ಬಲವರ್ಧಕ ವ್ಯಾಯಾಮಗಳ ನಡುವೆ ಒಂದು ದಿನ ಬಿಡುವಿರಲಿ.

ಆಹಾರ

ಸ್ನಾಯು ಬೆಳೆಯಲು ಸಸಾರಜನಕ, ಅಂದರೆ ಪ್ರೋಟೀನು, ಅತ್ಯವಶ್ಯ. ವೃದ್ಧರಿಗೆ ಶರೀರದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನು ಬೇಕೆಂಬುದು ಪೌಷ್ಟಿಕ ತಜ್ಞರ ಅಭಿಪ್ರಾಯ. 50 ಕಿಲೋ ತೂಕದ ಮಹಿಳೆಗೆ ಇದು 50ರಿಂದ 60 ಗ್ರಾಂ ಆಗುತ್ತದೆ. 200 ಗ್ರಾಂ ರಾಗಿಹಿಟ್ಟಿನ ಮುದ್ದೆ, 150 ಗ್ರಾಂ ಅಕ್ಕಿಯ ಅನ್ನ, ತಿಳಿಸಾರು, ಒಂದೆರಡು ಲೋಟ ಚಹಾ ಇಷ್ಟೇ ಆಹಾರವಾದರೆ ದೊರೆಯುವುದು ಸುಮಾರು 30 ಗ್ರಾಂ ಮಾತ್ರ. ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಸಾಲದು.

ಕೆಳಗಿನಂತೆ ಬದಲಾಯಿಸಿಕೊಂಡರೆ ಕೊರತೆ ನೀಗುತ್ತದೆ:

ರಾಗಿಹಿಟ್ಟು 150 ಗ್ರಾಂ — 10 ಗ್ರಾಂ ಪ್ರೋಟೀನು
ಅಕ್ಕಿ 100 ಗ್ರಾಂ — 7 ಗ್ರಾಂ
ಹುರುಳಿ, ಅವರೆ, ಹೆಸರು, ತೊಗರಿ ಇತ್ಯಾದಿ 75 ಗ್ರಾಂ — 17 ಗ್ರಾಂ
ಹಾಲು, ಮೊಸರು ಸೇರಿ 400 ಮಿಲಿಲೀಟರ್ — 13 ಗ್ರಾಂ
ನೆಲಗಡಲೆ 30 ಗ್ರಾಂ — 7 ಗ್ರಾಂ
ಒಟ್ಟು — 54 ಗ್ರಾಂ

ಉತ್ತರ ಕರ್ನಾಟಕದವರು ರಾಗಿಗೆ ಬದಲು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ ಬಳಸಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದೆ. ತಿನ್ನುವವರಿಗೆ ಇದು ಸುಲಭ ಮಾರ್ಗ. ಹಲ್ಲಿಲ್ಲದವರಿಗೆ ಕಾಳನ್ನು ನೆನೆಸಿ, ಮೆತ್ತಗೆ ಬೇಯಿಸಿ, ಕಿವುಚಿ ಕೊಡಬೇಕು. ಈ ಪ್ರೋಟೀನನ್ನು ರಾತ್ರಿಯ ಒಂದೇ ಊಟಕ್ಕೆ ಕೂಡಿಡದೆ ಮೂರು ಹೊತ್ತಿಗೂ ಹಂಚಬೇಕು. ಹಾಲನ್ನೆಲ್ಲ ಡೈರಿಗೆ ಹಾಕುವ ಮನೆಗಳಲ್ಲಿ ಹಸುವನ್ನು ನೋಡಿಕೊಳ್ಳುವ ಹಿರಿಯಳಿಗೆ ದಿನಕ್ಕೆ ಎರಡು ಲೋಟವನ್ನಾದರೂ ಮೊದಲು ತೆಗೆದಿಡುವುದು ನ್ಯಾಯ.

ಎಚ್ಚರಿಕೆಗಳು

ಹೃದ್ರೋಗ, ಅಧಿಕ ರಕ್ತದೊತ್ತಡ ಅಥವಾ ಇತ್ತೀಚೆಗೆ ಮೂಳೆ ಮುರಿದವರು ವೈದ್ಯರ ಸಲಹೆ ಪಡೆದೇ ವ್ಯಾಯಾಮ ಆರಂಭಿಸಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯದೆ, ಎತ್ತುವಾಗ ಬಿಡುತ್ತಾ ಇಳಿಸುವಾಗ ಎಳೆದುಕೊಳ್ಳಬೇಕು. ಸ್ನಾಯು ಒಂದೆರಡು ದಿನ ನೋಯುವುದು ಸಹಜ. ಆದರೆ ಕೀಲಿನಲ್ಲಿ ಚುಚ್ಚುವ ನೋವು, ಎದೆನೋವು ಅಥವಾ ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆದು, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸುವುದು ಸೂಕ್ತ.

ಎರಡು ಮೂರು ತಿಂಗಳ ಕಾಲ ಈ ಕ್ರಮವನ್ನು ತಪ್ಪದೆ ಪಾಲಿಸಿ, ಕುರ್ಚಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ಆಗಿರುವ ಪ್ರಗತಿ ತಿಳಿಯುತ್ತದೆ. ವ್ಯಾಯಾಮ ನಿಲ್ಲಿಸಿದರೆ ಗಳಿಸಿದ ಬಲ ಮತ್ತೆ ಇಳಿಯುವುದರಿಂದ ಇದನ್ನು ಜೀವನಪರ್ಯಂತ ಮುಂದುವರಿಸಬೇಕು. ಮಹಿಳಾ ಮಂಡಲ ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರು ವಾರದ ಸಭೆಗೆ ಮೊದಲು ಅರ್ಧ ಗಂಟೆ ಒಟ್ಟಾಗಿ ಇವುಗಳನ್ನು ಮಾಡಿದರೆ ಬೇಸರವೂ ಆಗದು, ರೂಢಿಯೂ ತಪ್ಪದು. ತನ್ನ ಕಾಲಿನ ಮೇಲೆ ತಾನು ಎದ್ದು, ತನ್ನ ನೀರನ್ನು ತಾನೇ ತಂದುಕೊಳ್ಳುವ ಹಿರಿಯಳು ಮನೆಗೊಂದು ಆಸ್ತಿ. ಆ ಆಸ್ತಿಯನ್ನು ಉಳಿಸಿಕೊಳ್ಳಲು ಬೇಕಾದುದು ಒಂದು ಗಟ್ಟಿ ಕುರ್ಚಿ, ಒಂದು ಚೀಲ ಮರಳು ಮತ್ತು ತಟ್ಟೆಯಲ್ಲಿ ಒಂದು ಹಿಡಿ ಹೆಚ್ಚು ಕಾಳು.