ಮೋಟಾರ್‌ಸೈಕಲ್‌ನ ಸಣ್ಣ ಅಪಘಾತ ಹಾನಿ ಮತ್ತು ಮನೆಯಲ್ಲಿ ಅದರ ದುರಸ್ತಿ

ಮೋಟಾರ್‌ಸೈಕಲ್ ಕಡಿಮೆ ವೇಗದಲ್ಲಿ ಜಾರಿ ಬಿದ್ದಾಗ ಅಥವಾ ನಿಂತಲ್ಲೇ ಉರುಳಿದಾಗ ಅದರ ಹೊರಭಾಗಗಳಿಗೆ ಆಗುವ ಪೆಟ್ಟನ್ನು ಸಣ್ಣ ಅಪಘಾತ ಹಾನಿ ಎನ್ನಬಹುದು. ಬಾಗಿದ ಪೆಡಲ್, ಓರೆಯಾದ ಹ್ಯಾಂಡಲ್, ಒಡೆದ ಇಂಡಿಕೇಟರ್, ಕಿತ್ತುಹೋದ ಬಣ್ಣ ಮುಂತಾದವನ್ನು ಸಾಮಾನ್ಯ ಪಾನಾಗಳ ನೆರವಿನಿಂದ ಮನೆಯಲ್ಲೇ ಸರಿಪಡಿಸಲು ಸಾಧ್ಯ. ಚಾಸಿ, ಮುಂದಿನ ಫೋರ್ಕ್, ಚಕ್ರ ಮತ್ತು ಬ್ರೇಕಿನ ಒಳಭಾಗಗಳಿಗೆ ತಗುಲಿದ ಪೆಟ್ಟು ಈ ವರ್ಗಕ್ಕೆ ಸೇರುವುದಿಲ್ಲ.

ಹಿನ್ನೆಲೆ

ರಾಯಚೂರು ಜಿಲ್ಲೆಯ ಸಿಂಧನೂರು ಮತ್ತು ಮಸ್ಕಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯಲಾಗುತ್ತದೆ. ಮಳೆಯಾದಾಗ ಇಲ್ಲಿನ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಕೂತು ಚಕ್ರವನ್ನೇ ಹಿಡಿದುಬಿಡುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಣಹಾಕಿದ ಭತ್ತದ ಕಾಳಿನ ಮೇಲೆ ಟೈರು ಜಾರುತ್ತದೆ. ವಳಕಮದಿನ್ನಿಯಂತಹ ಹಳ್ಳಿಯವರು ಬಿಡಿಭಾಗಗಳಿಗಾಗಿ ಪಟ್ಟಣಕ್ಕೆ ಹೋಗಬೇಕಾಗುತ್ತದೆ. ಅದಕ್ಕೂ ಹಲವೊಮ್ಮೆ ಬಿದ್ದ ಗಾಡಿಯೇ ಗತಿ. ಆದುದರಿಂದ ಗಾಡಿಯನ್ನು ಸರಿಪಡಿಸುವುದು ಹೇಗೆ ಎಂಬುದಕ್ಕಿಂತ ಮೊದಲು ಅದನ್ನು ಓಡಿಸಬಹುದೇ ಎಂಬುದು ತೀರ್ಮಾನವಾಗಬೇಕು.

ಕಾನೂನು ಮತ್ತು ವಿಮೆ

ಅಪಘಾತದಲ್ಲಿ ಬೇರೆಯವರಿಗೆ ಗಾಯವಾಗಿದ್ದರೆ ವಾಹನವನ್ನು ಬಿಚ್ಚಬಾರದು. 1988ರ ಮೋಟಾರು ವಾಹನ ಕಾಯಿದೆಯ 134ನೇ ಕಲಮಿನಂತೆ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಹಾಗೂ ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ 24 ಗಂಟೆಗಳೊಳಗೆ ಠಾಣೆಗೆ ತಿಳಿಸುವುದು ಚಾಲಕನ ಹೊಣೆ. 136ನೇ ಕಲಮಿನಡಿ ಅಧಿಕಾರಿಗಳು ಅಂತಹ ವಾಹನವನ್ನು ತಪಾಸಣೆ ಮಾಡಬಹುದು. ಸ್ವಂತ ವಾಹನದ ಹಾನಿಗೂ ವಿಮೆ ಇದ್ದರೆ ದುರಸ್ತಿಗೆ ಮೊದಲೇ ಕಂಪನಿಗೆ ತಿಳಿಸಬೇಕು. ಮೂರನೇ ವ್ಯಕ್ತಿಯ ವಿಮೆ ಮಾತ್ರ ಇದ್ದರೆ ಸ್ವಂತ ಗಾಡಿಯ ಖರ್ಚು ಮಾಲೀಕನದೇ.

ಪರೀಕ್ಷೆ

ಬಿದ್ದ ಕೂಡಲೇ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ, ಪೆಟ್ರೋಲ್ ಕಾಕ್ ಇದ್ದರೆ ಅದನ್ನೂ ಮುಚ್ಚಬೇಕು. ಎತ್ತಿ ನಿಲ್ಲಿಸಿದ ಮೇಲೆ ಪೆಟ್ರೋಲ್ ಅಥವಾ ಎಂಜಿನ್ ಆಯಿಲ್ ಸೋರುತ್ತಿದೆಯೇ ಎಂದು ನೋಡಿ, ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಮಟ್ಟ ಅಳೆಯಬೇಕು. ಕೆಸರು ಮೆತ್ತಿದ ಗಾಡಿಯನ್ನು ತೊಳೆಯದೆ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಎರೆಮಣ್ಣಿನಡಿ ಬಿರುಕು ಕಾಣುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಆಕ್ಸಿಲರೇಟರ್. ಹಿಡಿಯ ತುದಿ ನೆಲಕ್ಕೆ ಬಡಿದಾಗ ಅದು ಒಳಕ್ಕೆ ಒತ್ತಿ ಬಿಗಿಯಾಗುವುದುಂಟು. ತಿರುಗಿಸಿ ಕೈಬಿಟ್ಟೊಡನೆ ಅದು ತಾನಾಗಿ ಹಿಂದಕ್ಕೆ ಮರಳಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ಇದನ್ನು ನೋಡಬೇಕು. ಡಿಸ್ಕ್ ಬ್ರೇಕಿನ ಲಿವರ್ ಮೆತ್ತಗೆ ಒಳಗೆ ಹೋದರೆ ದ್ರವದಲ್ಲಿ ಗಾಳಿ ಸೇರಿರಬಹುದು. ಅದನ್ನು ತೆಗೆಯುವವರೆಗೆ ಗಾಡಿ ಓಡಿಸಬಾರದು. ಚಕ್ರಗಳನ್ನು ಮೇಲೆತ್ತಿ ತಿರುಗಿಸಿದರೆ ರಿಮ್ ಓಲಾಡುವುದು ಗೊತ್ತಾಗುತ್ತದೆ.

ಹ್ಯಾಂಡಲ್ ಮತ್ತು ಫೋರ್ಕ್

ನೇರ ಹೋಗುವಾಗ ಹ್ಯಾಂಡಲ್ ಒಂದು ಕಡೆಗೆ ಓರೆಯಾಗಿದ್ದರೆ ಫೋರ್ಕ್ ಬಾಗಿದೆ ಎಂದೇ ಅರ್ಥವಲ್ಲ. ಅನೇಕ ಸಲ ಫೋರ್ಕಿನ ಎರಡು ಕೊಳವೆಗಳು ಅವನ್ನು ಹಿಡಿದಿರುವ ಕ್ಲಾಂಪ್‌ಗಳೊಳಗೆ ತಿರುಚಿಕೊಂಡಿರುತ್ತವೆ, ಅಷ್ಟೆ. ಕೆಳಗಿನ ಕ್ಲಾಂಪಿನ ಬೋಲ್ಟ್, ಮುಂದಿನ ಮಡ್‌ಗಾರ್ಡಿನ ಬೋಲ್ಟ್ ಮತ್ತು ಆಕ್ಸಲ್ ನಟ್‌ಗಳನ್ನು ಸಡಿಲಿಸಿ, ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿದರೆ ಅದು ನೇರವಾಗುತ್ತದೆ. ಬಳಿಕ ಫೋರ್ಕನ್ನು ನಾಲ್ಕಾರು ಬಾರಿ ಒತ್ತಿ, ಬೋಲ್ಟುಗಳನ್ನು ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಬೇಕು. ಹೀಗೆ ಮಾಡಿದರೂ ಎದುರಿನಿಂದ ನೋಡಿದಾಗ ಎರಡು ಕೊಳವೆಗಳು ಸಮಾನಾಂತರವಾಗಿ ಕಾಣದಿದ್ದರೆ, ಅಥವಾ ಒತ್ತಿದ ಫೋರ್ಕ್ ತಡೆದು ತಡೆದು ಏಳುತ್ತಿದ್ದರೆ, ಕೊಳವೆ ಬಾಗಿರುವ ಸಂಭವವಿದೆ. ಅಲ್ಲಿಗೆ ಮನೆಯ ಕೆಲಸ ಮುಗಿಯಿತು.

ಲಿವರ್ ಮತ್ತು ಪೆಡಲ್

ಉಕ್ಕಿನ ಗೇರ್ ಪೆಡಲ್ ಒಳಕ್ಕೆ ಬಾಗಿ ಎಂಜಿನಿಗೆ ತಾಗುತ್ತಿದ್ದರೆ ಅದನ್ನು ಬಿಚ್ಚಿ, ವೈಸಿನಲ್ಲಿ ಹಿಡಿದು ನೆಟ್ಟಗೆ ಮಾಡಬಹುದು. ಗಾಡಿಯಲ್ಲೇ ಬಿಟ್ಟು ಬಡಿದರೆ ಏಟು ಅದರ ದಂಡಕ್ಕೂ ಆಯಿಲ್ ಸೀಲಿಗೂ ಬೀಳುತ್ತದೆ. ಬ್ರೇಕ್ ಮತ್ತು ಕ್ಲಚ್ಚಿನ ಲಿವರ್‌ಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿರುತ್ತವೆ. ಒಮ್ಮೆ ಬಾಗಿದ ಲಿವರನ್ನು ಹಿಂದಕ್ಕೆ ಬಗ್ಗಿಸಿದರೆ ಅದು ಅಲ್ಲೇ ಮುರಿಯಬಹುದು, ಅಥವಾ ಬಿರುಕನ್ನು ಒಳಗಿಟ್ಟುಕೊಂಡು ಜೋರಾಗಿ ಬ್ರೇಕ್ ಹಿಡಿದ ದಿನ ಮುರಿಯಬಹುದು. ಬೆಲೆಯ ದೃಷ್ಟಿಯಿಂದಲೂ ಹೊಸದನ್ನು ಹಾಕುವುದೇ ಸರಿ.

ಪ್ಲಾಸ್ಟಿಕ್ ಭಾಗಗಳು

ಭಾಗದ ಒಳಮೈಯಲ್ಲಿ ಪ್ಲಾಸ್ಟಿಕ್ಕಿನ ಬಗೆಯನ್ನು ಅಚ್ಚು ಹಾಕಿರುವುದುಂಟು. ಎಬಿಎಸ್ ಆಗಿದ್ದರೆ ಅದೇ ಬಗೆಯ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದ ಲೇಪದಿಂದ ಬಿರುಕನ್ನು ಒಳಗಿನಿಂದ ಬೆಸೆಯಬಹುದು. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಸಾಮಾನ್ಯ ಅಂಟಿಗೆ ಹಿಡಿಯುವುದಿಲ್ಲ. ಅಂಚುಗಳಲ್ಲಿ ತೂತು ಕೊರೆದು ತಂತಿಯಿಂದ ಹೊಲಿಯುವುದು ಅಂದವಿಲ್ಲದಿದ್ದರೂ ಬಾಳಿಕೆ ಬರುವ ಉಪಾಯ. ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದರೆ ಅದು ಮುಂದೆ ಹಬ್ಬುವುದು ನಿಲ್ಲುತ್ತದೆ.

ಬಣ್ಣ ಮತ್ತು ಟ್ಯಾಂಕ್

ಲೋಹ ಕಾಣುವಷ್ಟು ಆಳದ ಗೀರನ್ನು ಹಾಗೆಯೇ ಬಿಡಬಾರದು. ಗೊಬ್ಬರದ ಚೀಲ ಹೊರುವ ಗಾಡಿಯಲ್ಲಿ ಗೊಬ್ಬರದ ಲವಣ ತಗುಲಿ ತುಕ್ಕು ಬೇಗ ಹಬ್ಬುತ್ತದೆ. ತುಕ್ಕನ್ನು ಉಜ್ಜುಕಾಗದದಿಂದ ತೆಗೆದು ಪ್ರೈಮರ್, ತಗ್ಗಿದ್ದಲ್ಲಿ ಪುಟ್ಟಿ, ಮೇಲೆ ಬಣ್ಣ ಹಚ್ಚಬೇಕು. ಪ್ರತಿ ಪದರವೂ ಒಣಗಿರಬೇಕು. ಬ್ರೇಕ್ ದ್ರವ ಬಣ್ಣವನ್ನು ಕರಗಿಸುವುದರಿಂದ ಚೆಲ್ಲಿದೊಡನೆ ನೀರಿನಿಂದ ತೊಳೆಯಬೇಕು. ಟ್ಯಾಂಕಿನ ತಗ್ಗನ್ನು ಪುಟ್ಟಿಯಿಂದ ಮುಚ್ಚಬಹುದು. ಆದರೆ ಸೋರುವ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕುವುದು ಪ್ರಾಣಾಪಾಯಕಾರಿ: ಪೆಟ್ರೋಲ್ ಖಾಲಿ ಮಾಡಿದ ಟ್ಯಾಂಕಿನಲ್ಲಿ ಉಳಿಯುವ ಆವಿ ಕಿಡಿ ತಗುಲಿದರೆ ಸಿಡಿಯುತ್ತದೆ.

ಹೆಲ್ಮೆಟ್

ಬಿದ್ದಾಗ ತಲೆಗೆ ಏಟಾಗಿದ್ದರೆ ಹೆಲ್ಮೆಟ್ ದುರಸ್ತಿಯ ವಸ್ತುವಲ್ಲ. ಒಳಗಿನ ಥರ್ಮೋಕೋಲ್ ಪದರ ಕುಗ್ಗಿ ಏಟನ್ನು ಹೀರುತ್ತದೆ ಮತ್ತು ಮತ್ತೆ ಮೊದಲಿನಂತಾಗುವುದಿಲ್ಲ. ಹೊರಗೆ ಗೀರು ಕಾಣದಿದ್ದರೂ ಐಎಸ್ 4151 ಗುರುತಿರುವ ಹೊಸ ಹೆಲ್ಮೆಟ್ ಕೊಳ್ಳಬೇಕು.