ಕುಶಲಿಯ ಸಂಬಳವೂ ಕಾಯುವ ಶಕ್ತಿಯೂ

ಕೋಲಾರದ ಮಾರುಕಟ್ಟೆಗೆ ಟೊಮೇಟೊ ತಂದ ರೈತನಿಗೂ ಶಿರಸಿಯ ಪೇಟೆಗೆ ಅಡಿಕೆ ತಂದ ರೈತನಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಬೆಲೆ ಕುಸಿದ ದಿನ ಅಡಿಕೆಯವನು ಮೂಟೆಯನ್ನು ಉಗ್ರಾಣದಲ್ಲಿಟ್ಟು ಮನೆಗೆ ಹಿಂದಿರುಗಬಹುದು. ಧಾರಣೆ ಏರಿದಾಗ ಮಾರಬಹುದು. ಟೊಮೇಟೊದವನಿಗೆ ಆ ಅನುಕೂಲವಿಲ್ಲ. ಹೊತ್ತು ಮುಳುಗುವುದರೊಳಗೆ ಬಂದಷ್ಟಕ್ಕೆ ಮಾರಬೇಕು. ಇಲ್ಲವಾದರೆ ರಸ್ತೆಯ ಬದಿಗೆ ಸುರಿದು ಬರಬೇಕು. ಇದನ್ನು ಕೊಳ್ಳುವವನೂ ಬಲ್ಲ. ಬಲ್ಲನಾದ್ದರಿಂದಲೇ ಅವನು ಬೆಲೆ ಹೇಳಲು ಅವಸರಪಡುವುದಿಲ್ಲ.

ಮನುಷ್ಯನ ದುಡಿಮೆ ಈ ಎರಡರಲ್ಲಿ ಯಾವುದನ್ನು ಹೋಲುತ್ತದೆ? ಸ್ವಲ್ಪ ಆಲೋಚಿಸಿದರೆ ಟೊಮೇಟೊವನ್ನೇ ಎನ್ನಬೇಕಾಗುತ್ತದೆ. ಇಂದು ದುಡಿಯದೆ ಕಳೆದ ದಿನವನ್ನು ಕಟ್ಟಿಟ್ಟು ಬರುವ ವರ್ಷ ಮಾರುವುದಕ್ಕಾಗುವುದಿಲ್ಲ. ವಿದ್ಯೆ ಕಲಿತ ಕುಶಲಿಯ ಪಾಡೂ ಇದಕ್ಕೆ ಹೊರತಲ್ಲ. ಒಂದು ವರ್ಷ ಕೆಲಸವಿಲ್ಲದೆ ಕುಳಿತ ಎಂಜಿನಿಯರನಿಗೆ ಆ ವರ್ಷದ ಸಂಬಳ ಹೋಯಿತಷ್ಟೇ ಅಲ್ಲ, ಮುಂದಿನ ಸಂದರ್ಶನದಲ್ಲಿ “ಈ ಒಂದು ವರ್ಷ ಏನು ಮಾಡುತ್ತಿದ್ದಿರಿ?” ಎಂಬ ಪ್ರಶ್ನೆಗೂ ಅವನು ಉತ್ತರ ಕೊಡಬೇಕು.

ಈ ವಿಚಾರ ಹೊಸದೇನಲ್ಲ. ಸ್ಕಾಟ್ಲೆಂಡಿನ ಆಡಮ್ ಸ್ಮಿತ್ ೧೭೭೬ರಲ್ಲಿ ಪ್ರಕಟಿಸಿದ ತನ್ನ ಅರ್ಥಶಾಸ್ತ್ರ ಗ್ರಂಥದಲ್ಲಿ ಕೂಲಿಯ ಪ್ರಸ್ತಾಪ ಬಂದಾಗ ಎರಡು ಸಂಗತಿಗಳನ್ನು ಎತ್ತಿ ತೋರಿಸಿದ. ಧಣಿಗೂ ಆಳಿಗೂ ಹಗ್ಗಜಗ್ಗಾಟ ನಡೆದಾಗ, ಧಣಿಯಾದವನು ಒಬ್ಬ ಆಳೂ ಇಲ್ಲದೆ ಕೂಡಿಟ್ಟ ಗಂಟಿನಿಂದ ಒಂದೆರಡು ವರ್ಷ ಬಾಳಬಲ್ಲ. ಆಳುಗಳಲ್ಲಿ ಅನೇಕರು ಒಂದು ವಾರವನ್ನೂ ದೂಡಲಾರರು. ಇದು ಮೊದಲನೆಯದು. ಕೂಲಿಯನ್ನು ಏರಿಸಕೂಡದೆಂಬ ಒಳ ಒಪ್ಪಂದ ಧಣಿಗಳ ನಡುವೆ ಸದಾ ಇದ್ದೇ ಇರುತ್ತದೆ; ಅದು ಎಲ್ಲೆಲ್ಲೂ ಇರುವುದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಎರಡನೆಯದು. ೧೯೩೩ರಲ್ಲಿ ಕೇಂಬ್ರಿಜಿನ ಜೋನ್ ರಾಬಿನ್ಸನ್ ಈ ವಿಚಾರಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ದುಡಿಯುವವನಿಗೆ ಹೋಗಲು ಬೇರೆ ಬಾಗಿಲುಗಳು ಕಡಿಮೆಯಾದಷ್ಟೂ, ಅವನ ಸಂಬಳ ಅವನ ದುಡಿಮೆ ಹುಟ್ಟಿಸುವ ಮೌಲ್ಯಕ್ಕಿಂತ ಕೆಳಗೆ ಇಳಿಯಬಲ್ಲದು ಎಂಬುದು ಅವರ ವಾದದ ತಿರುಳು.

ಇನ್ನು ನಮ್ಮ ರಾಜ್ಯದ ಸಂಗತಿಗೆ ಬರೋಣ. ಬೆಂಗಳೂರಿನ ತಂತ್ರಾಂಶ ಉದ್ಯಮ ೨೦೨೧ ಮತ್ತು ೨೦೨೨ರಲ್ಲಿ ಉಬ್ಬರದಲ್ಲಿತ್ತು. ೨೦೨೨ರ ಮಾರ್ಚಿಗೆ ಮುಗಿದ ಹನ್ನೆರಡು ತಿಂಗಳಲ್ಲಿ ಇನ್ಫೋಸಿಸ್ ಸಂಸ್ಥೆಯನ್ನು ಬಿಟ್ಟುಹೋದ ನೌಕರರ ಪ್ರಮಾಣ ಶೇಕಡ ೨೭.೭. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬೇರೆ ಬಾಗಿಲು ತೆರೆದಿತ್ತು. ಎರಡೇ ವರ್ಷದಲ್ಲಿ ಇಳಿತ ಬಂದಿತು. ೨೦೨೩–೨೪ರ ಹಣಕಾಸಿನ ವರ್ಷದಲ್ಲಿ ಟಿ.ಸಿ.ಎಸ್., ಇನ್ಫೋಸಿಸ್, ವಿಪ್ರೋ ಈ ಮೂರು ಸಂಸ್ಥೆಗಳ ಒಟ್ಟು ನೌಕರ ಸಂಖ್ಯೆ ಸುಮಾರು ೬೪ ಸಾವಿರದಷ್ಟು ಕುಗ್ಗಿತು. ಈ ಎರಡು ವರ್ಷದಲ್ಲಿ ನಮ್ಮ ಹುಡುಗರು ಕಲಿತ ವಿದ್ಯೆಯನ್ನು ಮರೆತರೇ? ಇಲ್ಲ. ಬೆರಳುಗಳು ಅವೇ, ಬುದ್ಧಿಯೂ ಅದೇ. ಬದಲಾದದ್ದು ಒಂದೇ: ಎದ್ದು ಹೋಗಲು ಬಾಗಿಲಿರಲಿಲ್ಲ.

ಬಾಗಿಲು ಮುಚ್ಚಿದಾಗ ಏನಾಗುತ್ತದೆಂಬುದಕ್ಕೆ ೨೦೨೩ರ ಫೆಬ್ರವರಿಯ ಒಂದು ಪ್ರಸಂಗವನ್ನು ನೋಡಿ. ವಾರ್ಷಿಕ ಆರೂವರೆ ಲಕ್ಷ ರೂಪಾಯಿ ಸಂಬಳಕ್ಕೆ ಆಯ್ಕೆಯಾಗಿ ಕಾಯುತ್ತಿದ್ದ ಹೊಸ ಪದವೀಧರರಿಗೆ ವಿಪ್ರೋ ಸಂಸ್ಥೆಯಿಂದ ಪತ್ರ ಬಂದಿತು: ಮೂರೂವರೆ ಲಕ್ಷಕ್ಕೆ ಒಪ್ಪುವುದಾದರೆ ಬೇಗ ಸೇರಬಹುದು. ಹಳೆಯ ಆಹ್ವಾನ ರದ್ದಾಗಿಲ್ಲ. ಆದರೆ ಅದರಂತೆ ಸೇರುವ ದಿನವನ್ನು ಹೇಳಲಾಗುವುದಿಲ್ಲ. ಬಹುಮಂದಿ ಕಡಿಮೆ ಸಂಬಳಕ್ಕೇ ಒಪ್ಪಿದರೆಂದು ಸಂಸ್ಥೆಯೇ ಮುಂದೆ ತಿಳಿಸಿತು. ಇಲ್ಲಿ ಯಾರೂ ಯಾರನ್ನೂ ಬಲಾತ್ಕರಿಸಲಿಲ್ಲ ಎಂಬುದನ್ನು ಗಮನಿಸಬೇಕು. “ಬೇಕಾದರೆ ಕಾಯಿರಿ” ಎಂದರು, ಅಷ್ಟೆ. ಕಾಯಲಾರದವರು ಸಹಿ ಹಾಕಿದರು.

ಮೈಸೂರಿನ ಇನ್ನೊಂದು ಪ್ರಸಂಗ. ಇನ್ಫೋಸಿಸ್ ಸಂಸ್ಥೆಯಿಂದ ೨೦೨೨ರಲ್ಲಿ ಆಹ್ವಾನ ಪಡೆದು, ಸುಮಾರು ಎರಡು ವರ್ಷ ಕಾದು, ೨೦೨೪ರಲ್ಲಿ ತರಬೇತಿಗೆ ಸೇರಿದವರಲ್ಲಿ ೩೦೦ಕ್ಕೂ ಹೆಚ್ಚು ಮಂದಿಯನ್ನು ೨೦೨೫ರ ಫೆಬ್ರವರಿಯಲ್ಲಿ ಕಳುಹಿಸಿಬಿಡಲಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲವೆಂದು ಸಂಸ್ಥೆ ಹೇಳಿತು. ನೌಕರ ಸಂಘಟನೆಯೊಂದು ಅದನ್ನು ಒಪ್ಪದೆ ಸರ್ಕಾರಕ್ಕೆ ದೂರು ಕೊಟ್ಟಿತು. ಪರೀಕ್ಷೆ ಸರಿಯೋ ತಪ್ಪೋ ಎಂಬ ವಾದ ಹಾಗಿರಲಿ. ಆ ಎರಡು ವರ್ಷದ ಕಾಯುವಿಕೆಯ ವೆಚ್ಚವನ್ನು ಭರಿಸಿದವರು ಯಾರು? ಹುಡುಗರ ತಂದೆತಾಯಿಗಳು.

“ಗಾಳಿ ಬಂದಾಗ ತೂರಿಕೋ” ಎಂಬುದು ಒಕ್ಕಲಿನ ಗಾದೆ. ಕೆಲಸ ವಿರಳವಾದ ಕಾಲ ಮಾಲೀಕರ ಪಾಲಿಗೆ ಬೀಸುವ ಗಾಳಿ. ಆಗ ಅವರಲ್ಲಿ ಕೆಲವರು ತೂರಿಕೊಳ್ಳುವ ಬಗೆಗಳು ಹಲವು. ಇಬ್ಬರ ಕೆಲಸವನ್ನು ಒಬ್ಬನಿಗೆ ಹೊರಿಸಿ, “ಹೊರಗೆ ನೂರು ಜನ ಕಾಯುತ್ತಿದ್ದಾರೆ” ಎನ್ನುವುದು ಒಂದು. ಅನುಭವಿಯನ್ನು ಹೊಸಬನ ಸಂಬಳಕ್ಕೆ ತೆಗೆದುಕೊಳ್ಳುವುದು ಇನ್ನೊಂದು. ತರಬೇತಿಯ ಹೆಸರಿನಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿಸುವುದು, ಬಿಟ್ಟುಹೋಗಲು ಮೂರು ತಿಂಗಳ ಮುಂಚಿತ ನೋಟೀಸು ಕೇಳಿ ತಾವು ಮಾತ್ರ ಒಂದೇ ದಿನದಲ್ಲಿ ಹೊರಗೆ ಕಳಿಸುವ ಹಕ್ಕನ್ನು ಇಟ್ಟುಕೊಳ್ಳುವುದು ಮತ್ತೆರಡು. ಇವೆಲ್ಲಕ್ಕಿಂತ ಮುಖ್ಯವಾದದ್ದು ಬಾಂಡ್, ಎಂದರೆ ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಇಷ್ಟು ಲಕ್ಷ ತೆರುತ್ತೇನೆ ಎಂಬ ಮುಚ್ಚಳಿಕೆ. ಮಿಕ್ಕ ಉಪಾಯಗಳು ಗಾಳಿ ಇರುವಷ್ಟು ಹೊತ್ತು ಮಾತ್ರ ನಡೆಯುತ್ತವೆ. ಬಾಂಡ್ ಗಾಳಿ ನಿಂತ ಮೇಲೂ ನಡೆಯುತ್ತದೆ. ಕೆಟ್ಟ ಕಾಲದಲ್ಲಿ ಹಾಕಿದ ಸಹಿ, ಒಳ್ಳೆಯ ಕಾಲ ಬಂದಾಗಲೂ ಬಾಗಿಲಿಗೆ ಬೀಗವಾಗಿ ನಿಲ್ಲುತ್ತದೆ.

ಬಾಗಿಲನ್ನು ಮುಚ್ಚುವ ಕೆಲಸ ಮಾರುಕಟ್ಟೆಯಿಂದಲೇ ಆಗಬೇಕೆಂದಿಲ್ಲ. ಮಾಲೀಕರು ಕೂಡಿಯೂ ಮುಚ್ಚಬಹುದು. ತಂತ್ರಾಂಶದ ತವರೆನಿಸಿದ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹೀಗಾಯಿತು. ಆಪಲ್, ಗೂಗಲ್, ಇಂಟೆಲ್, ಅಡೋಬಿ ಮೊದಲಾದ ಸಂಸ್ಥೆಗಳು ಪರಸ್ಪರರ ನೌಕರರಿಗೆ ಕೆಲಸದ ಆಹ್ವಾನ ಕೊಡಬಾರದೆಂದು ಒಳಗೊಳಗೇ ಮಾತಾಡಿಕೊಂಡಿದ್ದವು. ೨೦೧೦ರಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆ ಮೊಕದ್ದಮೆ ಹೂಡಿ ಇದನ್ನು ನಿಲ್ಲಿಸಿತು. ೨೦೦೫ರಿಂದ ೨೦೦೯ರವರೆಗೆ ದುಡಿದ ಸುಮಾರು ೬೪ ಸಾವಿರ ನೌಕರರ ಪರವಾಗಿ ನಡೆದ ವ್ಯಾಜ್ಯ, ೨೦೧೫ರಲ್ಲಿ ೪೧.೫ ಕೋಟಿ ಡಾಲರುಗಳ ಪರಿಹಾರದೊಂದಿಗೆ ಮುಗಿಯಿತು. ಆಡಮ್ ಸ್ಮಿತ್ ಹೇಳಿದ ಒಳ ಒಪ್ಪಂದ ಕಾಗದಪತ್ರಗಳ ಸಮೇತ ಕಣ್ಣಿಗೆ ಬಿದ್ದ ಅಪರೂಪದ ಪ್ರಸಂಗವಿದು. ಅಲ್ಲಿನ ಕುಶಲಿಗಳ ಸಂಬಳವೇನೂ ಕಡಿಮೆಯದಾಗಿರಲಿಲ್ಲ. ಆದರೂ ಬಾಗಿಲು ಮುಚ್ಚಿದವರಿಗೆ ಅದರಿಂದ ಲಾಭವಿತ್ತು.

ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತದೆ? ೧೮೭೨ರ ಭಾರತೀಯ ಕರಾರು ಕಾಯಿದೆಯ ೨೭ನೆಯ ಕಲಮಿನಂತೆ, ಒಬ್ಬನು ನ್ಯಾಯವಾದ ಕಸುಬು ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ನಿರರ್ಥಕ. ಆದ್ದರಿಂದ ಕೆಲಸ ಬಿಟ್ಟ ಮೇಲೂ ಇಂತಿಷ್ಟು ವರ್ಷ ಇನ್ನೊಂದು ಸಂಸ್ಥೆಗೆ ಸೇರಬಾರದೆಂಬ ಷರತ್ತಿಗೆ ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆದರೆ ಒಪ್ಪಿಕೊಂಡ ಸೇವೆಯ ಅವಧಿಯೊಳಗಿನ ಮಾತು ಬೇರೆ. ೧೯೬೭ರಲ್ಲಿ ಸೆಂಚುರಿ ಸ್ಪಿನ್ನಿಂಗ್ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಭೇದವನ್ನು ಸ್ಪಷ್ಟಪಡಿಸಿತು. ಐದು ವರ್ಷದ ಕರಾರಿಗೆ ಸಹಿ ಹಾಕಿ, ವಿಶೇಷ ತರಬೇತಿ ಪಡೆದು, ನಡುವೆಯೇ ಪ್ರತಿಸ್ಪರ್ಧಿ ಕಾರ್ಖಾನೆಗೆ ಹೋದ ಕುಶಲ ನೌಕರನ ವಿರುದ್ಧ ಹೊರಡಿಸಿದ ತಡೆಯಾಜ್ಞೆಯನ್ನು ಅದು ಎತ್ತಿಹಿಡಿಯಿತು.

೨೦೨೫ರ ಮೇ ತಿಂಗಳಲ್ಲಿ ಬಂದ ತೀರ್ಪು ನಮ್ಮವರಿಗೆ ಇನ್ನೂ ಹತ್ತಿರದ್ದು. ೧೯೩೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟಿದ್ದರು. ಮುಚ್ಚಳಿಕೆಯಂತೆ ಅವರಿಂದ ಎರಡು ಲಕ್ಷ ರೂಪಾಯಿ ವಸೂಲು ಮಾಡಿದ್ದು ಸರಿಯೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಸಾರ್ವಜನಿಕ ಬ್ಯಾಂಕು ದೇಶಾದ್ಯಂತ ಪ್ರಕಟಣೆ, ಸ್ಪರ್ಧೆಗಳ ಮೂಲಕ ನೇಮಕ ಮಾಡಬೇಕಾಗುತ್ತದೆ, ಅದಕ್ಕೆ ವೆಚ್ಚವಿದೆ, ಅಧಿಕಾರಿಯ ಹುದ್ದೆಗೂ ಸಂಬಳಕ್ಕೂ ಆ ಮೊತ್ತ ಅತಿಯಲ್ಲ ಎಂಬುದು ಅಲ್ಲಿ ಎಣಿಕೆಗೆ ಬಂದಿತು. ಆದ್ದರಿಂದ “ಬಾಂಡ್ ಎಂಬುದು ಬರಿಯ ಕಾಗದ, ಸಹಿ ಹಾಕಿ ಹರಿದೆಸೆಯಬಹುದು” ಎಂಬ ಮಾತನ್ನು ನಂಬಬೇಡಿ. ಅದರಂತೆಯೇ “ಬಾಂಡಿನಲ್ಲಿ ಐದು ಲಕ್ಷವೆಂದಿದೆ, ಐದೂ ಲಕ್ಷ ತೆರಲೇಬೇಕು” ಎಂಬ ಬೆದರಿಕೆಯನ್ನೂ ನಂಬಬೇಡಿ. ಕರಾರು ಕಾಯಿದೆಯ ೭೪ನೆಯ ಕಲಮಿನಂತೆ ಬರೆದ ಮೊತ್ತವು ಮೇಲಿನ ಮಿತಿ ಮಾತ್ರ; ಅದರೊಳಗೆ ಯುಕ್ತವಾದ ಪರಿಹಾರವೆಷ್ಟೋ ಅಷ್ಟೇ ಸಲ್ಲತಕ್ಕದ್ದು.

ಮಾಲೀಕರ ಮಾತಿನಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಆರು ತಿಂಗಳು ಸಂಬಳ ಕೊಟ್ಟು ಕಲಿಸಿದ ಹುಡುಗ ಏಳನೆಯ ತಿಂಗಳು ನೆರೆಯ ಸಂಸ್ಥೆಗೆ ಹೋದರೆ ಕಲಿಸಿದವರಿಗೆ ನಷ್ಟವೇ. ಆದುದರಿಂದ ಬಾಂಡನ್ನು ಕಂಡೊಡನೆ ಅನ್ಯಾಯವೆಂದು ಕೂಗಬೇಕಾಗಿಲ್ಲ, ತೂಗಿ ನೋಡಬೇಕು. ನಿಜವಾಗಿ ಕಲಿಸುತ್ತಾರೆಯೆ? ಕಲಿಸಿದ ವಿದ್ಯೆ ಇನ್ನೊಂದೆಡೆ ಬೆಲೆ ಬಾಳುವಂಥದೆ? ಕೇಳುವ ಮೊತ್ತಕ್ಕೂ ಮಾಡಿದ ವೆಚ್ಚಕ್ಕೂ ಹೊಂದಿಕೆಯಿದೆಯೆ? ಸೇವೆ ಮಾಡಿದಷ್ಟೂ ಮೊತ್ತ ಇಳಿಯುತ್ತದೆಯೆ? ಅವರೇ ಕೆಲಸದಿಂದ ತೆಗೆದರೆ ಮುಚ್ಚಳಿಕೆ ತಾನಾಗಿ ಬಿದ್ದುಹೋಗುತ್ತದೆಯೆ? ಈ ಐದಕ್ಕೂ ಹೌದೆಂಬ ಉತ್ತರವಿದ್ದರೆ ಅದು ವ್ಯವಹಾರ. ಇಲ್ಲವೆಂದಾದರೆ ಅದು ಬೀಗ.

ಇಷ್ಟೆಲ್ಲ ಓದಿದ ನೀವು, “ನಮ್ಮ ಕೈಯಲ್ಲೇನಿದೆ?” ಎನ್ನಬಹುದು. ನಿಮ್ಮ ಕೈಯಲ್ಲಿರುವುದು ಚಿಕ್ಕದಲ್ಲ. ದುಡಿಮೆ ಟೊಮೇಟೊವಿನಂತೆ ಎಂದೆವಷ್ಟೆ? ಅದಕ್ಕೆ ಉಗ್ರಾಣವಾಗಬಲ್ಲದ್ದು ಒಂದೇ: ಮನೆ. ಮಗನೋ ಮಗಳೋ ಕೆಲಸದ ಪತ್ರ ಹಿಡಿದು ಬಂದಾಗ ನಾವು ಮೊದಲು ಆಡುವ ಮಾತು, “ಸಿಕ್ಕಿದ್ದೇ ಪುಣ್ಯ, ಸುಮ್ಮನೆ ಸಹಿ ಹಾಕು” ಎಂಬುದು. ಮಾತಿನಲ್ಲಿ ವಾತ್ಸಲ್ಯವಿದೆ, ಆದರೆ ಮಾಲೀಕನಿಗೆ ಅದಕ್ಕಿಂತ ಒಳ್ಳೆಯ ವಕೀಲನಿಲ್ಲ. “ಇನ್ನಾರು ತಿಂಗಳು ಮನೆಯಲ್ಲಿ ಊಟಕ್ಕೆ ತೊಂದರೆಯಿಲ್ಲ, ಓದಿ ನೋಡಿ ಸಹಿ ಹಾಕು” ಎಂದ ಮನೆಯ ಹುಡುಗಿಗೆ ಸಂದರ್ಶನದ ಕುರ್ಚಿಯಲ್ಲಿ ಕುಳಿತಾಗ ಬೆನ್ನು ನೆಟ್ಟಗಿರುತ್ತದೆ.

ಎಲ್ಲ ಮನೆಗಳಿಗೂ ಆರು ತಿಂಗಳು ಕಾಯುವ ಶಕ್ತಿಯಿರುವುದಿಲ್ಲ, ನಿಜ. ಅನೇಕರ ತಲೆಯ ಮೇಲೆ ವ್ಯಾಸಂಗದ ಸಾಲವಿದೆ. ಆದರೆ ಹೆಚ್ಚಿನ ಬ್ಯಾಂಕುಗಳ ಸಾಲದಲ್ಲಿ ವ್ಯಾಸಂಗ ಮುಗಿದ ಒಂದು ವರ್ಷದವರೆಗೆ ಕಂತು ಆರಂಭವಾಗುವುದಿಲ್ಲವೆಂಬುದನ್ನು ಮರೆತು, ಅಂಜಿ ಸಹಿ ಹಾಕುವವರುಂಟು. ಸಾಲದ ಪತ್ರವನ್ನು ಒಮ್ಮೆ ತೆಗೆದು ಓದಿರಿ.

ಕೆಲವು ವಿಷಯಗಳಲ್ಲಿ ಮಾತ್ರ ಯಾವ ಕಷ್ಟದಲ್ಲಿಯೂ ಸಡಿಲಬಾರದು. ಅಂಕಪಟ್ಟಿ, ಪದವಿಪತ್ರಗಳ ಮೂಲಪ್ರತಿಯನ್ನು ನೋಡಿ ಹಿಂದಿರುಗಿಸಿದರೆ ಅದು ಪರಿಶೀಲನೆ. ಕಪಾಟಿನಲ್ಲಿಟ್ಟುಕೊಂಡರೆ ಅದು ಒತ್ತೆ. ಒತ್ತೆ ಇಡಬೇಡಿ. ಕೆಲಸ ಕೊಡಲು ಹಣ ಕೇಳುವವರಿಗೆ ಹಣ ಕೊಡಬೇಡಿ. ಬರಿಯ ಚೆಕ್ಕಿಗೆ ಸಹಿ ಹಾಕಬೇಡಿ. ನೇಮಕದ ಪತ್ರವನ್ನು ಬರಹದಲ್ಲಿ ಕೇಳಿ ಪಡೆಯಿರಿ. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕದ ಪತ್ರವನ್ನು ಕಡ್ಡಾಯಗೊಳಿಸಿವೆ. ಕೆಲಸ ಬಿಟ್ಟವರಿಗೆ ಸಲ್ಲಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದೂ ವಿಧಿಸಿವೆ. ತಕರಾರು ಬಂದರೆ ಕಾರ್ಮಿಕ ಇಲಾಖೆಯ ಬಾಗಿಲು ಇದೆ. ತಂತ್ರಾಂಶ ನೌಕರರಿಗೆ ಬೆಂಗಳೂರಿನಲ್ಲಿ ೨೦೧೭ರಿಂದ ತಮ್ಮದೇ ಸಂಘವೊಂದಿದೆ.

ಸಂಘವೆಂದರೆ ಮುಖ ಸಿಂಡರಿಸುವವರು ಒಮ್ಮೆ ಅಡಿಕೆಯ ಕಡೆಗೇ ನೋಡಲಿ. ೧೯೭೦ರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ ಅಡಿಕೆಯನ್ನು ಬಚ್ಚಿಡುವ ಉಗ್ರಾಣವೊಂದೇ ಸಾಲಲಿಲ್ಲ. ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿ, ತಮ್ಮ ಮಾಲಿಗೆ ತಾವೇ ಕೊಳ್ಳುವವರಾಗಿ ನಿಂತರು. ಒಬ್ಬೊಬ್ಬರಾಗಿ ಕಾಯಲಾರದವರು ಕೂಡಿ ಕಾಯುವುದನ್ನು ಕಲಿತರು.

ಇಳಿತದ ಕಾಲ ಶಾಶ್ವತವಲ್ಲ. ೨೦೦೧ರಲ್ಲಿ ಬಂದಿತ್ತು, ೨೦೦೮ರಲ್ಲಿ ಬಂದಿತ್ತು, ಹೋಯಿತು. ಹೋಗುವಾಗ ಅದು ಉಳಿಸಿಹೋಗುವುದು ಆ ದಿನಗಳಲ್ಲಿ ಹಾಕಿದ ಸಹಿಗಳನ್ನು. ನಿಮ್ಮ ಮನೆಗೆ ಇಂಥ ಒಂದು ಕಾಗದ ಬಂದರೆ ಅಂದು ರಾತ್ರಿ ಎಲ್ಲರೂ ಕೂಡಿ ಕುಳಿತು, ಕೊನೆಯ ಪುಟದ ಸಣ್ಣ ಅಕ್ಷರಗಳವರೆಗೆ ಓದಿರಿ. ಸಹಿಯನ್ನು ಬೆಳಗ್ಗೆ ಹಾಕಿದರೂ ಆದೀತು.